ಬೆರಳಿನಿಂದ ಶುರುವಾಗುವ ಕಾಲುಚೀಲ: ಯಾವ ಪಾದಕ್ಕೆ ಯಾವ ತುದಿ?

ಕಾಲುಚೀಲವನ್ನು ಬೆರಳಿನ ಕಡೆಯಿಂದ ಹೆಣೆಯಲು ಹೊರಟವರು ಮೊದಲು ಕೇಳುವುದು ಒಂದೇ: ಯಾವ ಕ್ಯಾಸ್ಟ್ ಆನ್, ಅಂದರೆ ಕಡ್ಡಿಗೆ ಮೊದಲ ಕುಣಿಕೆಗಳನ್ನು ಹಾಕುವ ಯಾವ ವಿಧಾನ, ಒಳ್ಳೆಯದು? ವೀಡಿಯೊಗಳಲ್ಲೂ ಅದರದ್ದೇ ಮಾತು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಹಾಕಿಕೊಂಡಾಗ ತುದಿ ಹಿತವಾಗಿದೆಯೋ ಇಲ್ಲವೋ ಅನ್ನುವುದು ಹೆಚ್ಚಾಗಿ ಬೇರೆ ಎರಡು ಸಂಗತಿಗಳ ಮೇಲೆ ನಿಂತಿದೆ. ಎಷ್ಟು ಕುಣಿಕೆಯಿಂದ ಶುರು ಮಾಡಿದಿರಿ, ಅಲ್ಲಿಂದ ಪೂರ್ತಿ ಅಗಲಕ್ಕೆ ಎಷ್ಟು ಬೇಗ ಹೋದಿರಿ. ಈ ಎರಡಕ್ಕೂ ಉತ್ತರ ನಿಮ್ಮ ಪಾದದಲ್ಲೇ ಇದೆ.

ಮೇಲಿನಿಂದ ಕೆಳಗೆ ಹೆಣೆಯುವ ಸಾಕ್ಸ್‌ನಲ್ಲಿ ತುದಿ ಕೊನೆಗೆ ಬರುತ್ತದೆ. ಅಲ್ಲಿ ಉಳಿದ ಕುಣಿಕೆಗಳನ್ನು ಕಿಚನರ್ ಸ್ಟಿಚ್ ಹಾಕಿ, ಅಂದರೆ ಸೂಜಿಯಿಂದ ಹೊಲಿಗೆ ಕಾಣದ ಹಾಗೆ, ಜೋಡಿಸಬೇಕು. ಅದನ್ನು ಕಂಡರೆ ಆಗದವರೇ ಜಾಸ್ತಿ. ಬೆರಳಿನಿಂದ ಶುರು ಮಾಡಿದರೆ ಆ ಕೆಲಸ ಇಲ್ಲ. ಹೆಣೆಯುತ್ತಾ ಹೆಣೆಯುತ್ತಾ ಕಾಲಿಗೆ ಹಾಕಿ ನೋಡಬಹುದು. ನೂಲು ಎಷ್ಟಿದೆಯೋ ಅಷ್ಟು ಉದ್ದದ ಕಾಲು ಹೆಣೆಯಬಹುದು. ಆದರೆ ತುದಿಯ ಆಕಾರವನ್ನು ಮೊದಲ ದಿನವೇ ತೀರ್ಮಾನಿಸಬೇಕು.

ಮೊದಲು ಪಾದ

ಒಂದು ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆಯಿರಿ. ಕೂತು ಎಳೆಯಬೇಡಿ. ಭಾರ ಬಿದ್ದಾಗ ಪಾದ ಅಗಲವಾಗುತ್ತದೆ, ಕಾಲುಚೀಲಕ್ಕೆ ಬೇಕಾಗಿರುವುದು ಆ ಅಗಲವೇ. ಎರಡೂ ಪಾದ ಎಳೆಯಿರಿ, ಯಾಕೆಂದರೆ ತುಂಬಾ ಜನರಿಗೆ ಒಂದು ಸ್ವಲ್ಪ ದೊಡ್ಡದಿರುತ್ತದೆ.

ಈಗ ಮುಂದಿನ ಅಂಚು ನೋಡಿ. ಕೆಲವರದ್ದು ಹೆಬ್ಬೆರಳು ಎಲ್ಲಕ್ಕಿಂತ ಉದ್ದ, ಅಲ್ಲಿಂದ ಕಿರುಬೆರಳಿನ ತನಕ ಓರೆಯಾಗಿ ಇಳಿಯುತ್ತದೆ. ಕೆಲವರಿಗೆ ಎರಡನೆಯ ಬೆರಳೇ ಉದ್ದ, ಹಾಗಾಗಿ ಪಾದದ ಮೊನೆ ನಡುವಿನ ಹತ್ತಿರಕ್ಕೆ ಬರುತ್ತದೆ. ಇನ್ನು ಕೆಲವರ ಮೊದಲ ಮೂರ್ನಾಲ್ಕು ಬೆರಳು ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿ ನಿಂತು, ಮುಂಭಾಗ ಚೌಕಕ್ಕೆ ಹತ್ತಿರವಾಗಿರುತ್ತದೆ. ಅಂಗಡಿಯ ಸಾಕ್ಸ್‌ಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅದರಲ್ಲಿ ಎಲಾಸ್ಟಿಕ್ ಎಳೆ ಇರುತ್ತದೆ, ಯಾವ ಪಾದ ಬಂದರೂ ಹಿಗ್ಗುತ್ತದೆ. ಕೈಯಲ್ಲಿ ಹೆಣೆದ ಉಣ್ಣೆ ಅಷ್ಟು ಹಿಗ್ಗುವುದಿಲ್ಲ. ಆಕಾರ ತಪ್ಪಿದರೆ ಹೆಬ್ಬೆರಳು ಒಂದು ಮೂಲೆಯನ್ನು ತಳ್ಳುತ್ತಲೇ ಇರುತ್ತದೆ, ತೂತು ಬೀಳುವುದೂ ಅಲ್ಲೇ.

ನಮ್ಮ ಕಡೆಯ ಹೆಂಗಸರಿಗೆ ಇನ್ನೊಂದು ವಿಷಯವಿದೆ, ಅದನ್ನು ಯಾವ ಇಂಗ್ಲಿಷ್ ಪ್ಯಾಟರ್ನೂ ಹೇಳುವುದಿಲ್ಲ. ಕಾಲುಂಗುರ. ಎರಡನೆಯ ಬೆರಳಿಗೆ ಉಂಗುರವಿದ್ದರೆ ಆ ಬೆರಳಿನ ದಪ್ಪ ಹೆಚ್ಚುತ್ತದೆ, ಪಕ್ಕದ ಬೆರಳುಗಳೂ ಸ್ವಲ್ಪ ಸರಿಯುತ್ತವೆ. ಮೊನಚು ತುದಿಯ ಸಾಕ್ಸ್ ಹಾಕಿದರೆ ಉಂಗುರ ಪಕ್ಕದ ಬೆರಳಿಗೆ ಒತ್ತುತ್ತದೆ. ಉಂಗುರದ ಬಿಟ್ಟ ಬಾಯಿ ನೂಲಿಗೆ ಸಿಕ್ಕಿಕೊಳ್ಳುವುದು ಬೇರೆ. ಹಾಗಾಗಿ ಕಾಲುಂಗುರ ಹಾಕುವವರು ಉಂಗುರ ಇಟ್ಟುಕೊಂಡೇ ಪಾದ ಅಳೆಯಿರಿ. ತುದಿಯಲ್ಲಿ ಎರಡು ಬಣ್ಣದ ಚಿತ್ತಾರ ಬೇಡ. ಆ ಹೆಣಿಗೆಯಲ್ಲಿ ಒಳಗಡೆ ಉದ್ದುದ್ದ ಎಳೆ ತೇಲುತ್ತಿರುತ್ತದೆ, ಉಂಗುರ ಅದನ್ನೇ ಹಿಡಿಯುತ್ತದೆ.

ಲೆಕ್ಕಕ್ಕೆ ಒಂದು ಅಳತೆ

ಕೆಳಗಿನ ಲೆಕ್ಕವೆಲ್ಲ ಒಂದೇ ಅಳತೆಯದ್ದು: 10 ಸೆಂ.ಮೀ.ಗೆ 32 ಕುಣಿಕೆ, 44 ಸುತ್ತು. ಸಾಕ್ಸ್‌ಗೆಂದೇ ಮಾರುವ ತೆಳು ನೂಲು, 100 ಗ್ರಾಂ ಉಂಡೆಗೆ ಸುಮಾರು 400 ಮೀಟರ್ ಬರುವಂಥದ್ದು, 2.25 ಅಥವಾ 2.5 ಮಿ.ಮೀ. ಕಡ್ಡಿಯಲ್ಲಿ ಹತ್ತಿರ ಹತ್ತಿರ ಇಷ್ಟು ಕೊಡುತ್ತದೆ. ಪಾದದ ಅಗಲವಾದ ಭಾಗದ ಸುತ್ತಳತೆ 22-23 ಸೆಂ.ಮೀ. ಇದೆ ಅನ್ನಿ. ಉಣ್ಣೆಯ ಸಾಕ್ಸ್ ಕಾಲಿಗೆ ಹಿಡಿದು ನಿಲ್ಲಬೇಕಾದರೆ ಅದರಲ್ಲಿ ಹತ್ತನೇ ಒಂದು ಭಾಗ ಕಡಿಮೆ ಮಾಡಬೇಕು. 20 ಸೆಂ.ಮೀ. ಆಯಿತು, ಅಂದರೆ 64 ಕುಣಿಕೆ. ಮೇಲ್ಭಾಗಕ್ಕೆ 32, ಅಂಗಾಲಿಗೆ 32.

ಮನೆಯಲ್ಲಿ ಅಮ್ಮನದ್ದೋ ಅತ್ತೆಯದ್ದೋ ಹಳೆಯ ಕಡ್ಡಿಗಳಿದ್ದರೆ ಅವುಗಳ ಮೇಲೆ 13, 12 ಎಂದು ಇರಬಹುದು. ಅದು ಬ್ರಿಟಿಷ್ ಲೆಕ್ಕ. 13 ಅಂದರೆ 2.25 ಮಿ.ಮೀ., 12 ಅಂದರೆ 2.75. ಅಮೆರಿಕದ ಪ್ಯಾಟರ್ನ್‌ನಲ್ಲಿ 13 ಅಂದರೆ 9 ಮಿ.ಮೀ., ಕಂಬಳಿ ಹೆಣೆಯುವ ದಪ್ಪ! ಹಾಗಾಗಿ ನಂಬರ್ ಬಿಟ್ಟು ಮಿಲಿಮೀಟರ್ ನೋಡುವುದೇ ಒಳ್ಳೆಯದು.

ಎರಡು ಬದಿ ಏರುವ ತುದಿ

ಹೆಚ್ಚಿನ ಪ್ಯಾಟರ್ನ್‌ಗಳಲ್ಲಿ ಇರುವುದು ಇದೇ. ಇಂಗ್ಲಿಷಿನವರು ವೆಜ್ ಟೋ ಅನ್ನುತ್ತಾರೆ. ಎರಡು ಕಡ್ಡಿಯ ಮೇಲೆ ಒಂದಷ್ಟು ಕುಣಿಕೆ ಹಾಕಿ, ಎಡಬದಿ ಬಲಬದಿ ಎರಡರಲ್ಲೂ, ಮೇಲೆ ಕೆಳಗೆ ಒಂದೊಂದರಂತೆ ಸುತ್ತಿಗೆ ನಾಲ್ಕು ಕುಣಿಕೆ ಹೆಚ್ಚಿಸುತ್ತಾ ಹೋಗುವುದು. ಒಂದು ಸುತ್ತು ಹೆಚ್ಚಿಸಿ, ಮುಂದಿನ ಸುತ್ತು ಸುಮ್ನೆ ನಿಟ್, ಅಂದರೆ ಸಾದಾ ಹೆಣಿಗೆ. ನೆನಪಿಡಲು ಏನೂ ಇಲ್ಲ.

ಆದರೆ ಪ್ಯಾಟರ್ನ್ ಹೇಳಿದ ಹಾಗೆಯೇ ಮಾಡಿದರೆ ಇದು ಮೊನಚಾಗುವುದೇ ಜಾಸ್ತಿ. ಒಂದು ಕಡ್ಡಿಗೆ 8ರಂತೆ 16 ಕುಣಿಕೆಯಿಂದ ಶುರು ಮಾಡಿದಿರಿ ಅನ್ನಿ. 64ಕ್ಕೆ ಹೋಗಲು 48 ಕುಣಿಕೆ ಬೇಕು. ಸುತ್ತು ಬಿಟ್ಟು ಸುತ್ತು ನಾಲ್ಕರಂತೆ ಏರಿಸಿದರೆ 24 ಸುತ್ತು, ಸುಮಾರು ಐದೂವರೆ ಸೆಂ.ಮೀ. ಮೊನೆಯ ಅಗಲ ಬರೀ ಎರಡೂವರೆ ಸೆಂ.ಮೀ. ಹೆಬ್ಬೆರಳೊಂದೇ ಅಷ್ಟು ಜಾಗ ಹಿಡಿಯುತ್ತದೆ, ಅಲ್ವಾ? ಉಳಿದ ಬೆರಳೆಲ್ಲ ಓರೆ ಗೋಡೆಯನ್ನು ಒತ್ತಿಕೊಂಡು ಕೂರಬೇಕು. ಸಪೂರ ಪಾದಕ್ಕೆ, ಎರಡನೆಯ ಬೆರಳು ಉದ್ದವಿರುವ ಪಾದಕ್ಕೆ ಇದು ಒಪ್ಪಬಹುದು. ಉಳಿದವರಿಗೆ ಇಲ್ಲ.

ಇದೇ ವಿಧಾನದಲ್ಲಿ ಎರಡು ಸಂಖ್ಯೆ ಬದಲಿಸಿದರೆ ತುದಿಯ ಸ್ವಭಾವವೇ ಬದಲಾಗುತ್ತದೆ. ಕಡ್ಡಿಗೆ 12ರಂತೆ 24 ಹಾಕಿ. ಮೊದಲ ನಾಲ್ಕು ಸುತ್ತಿನಲ್ಲಿ ಪ್ರತಿ ಸುತ್ತಿಗೂ ಹೆಚ್ಚಿಸಿ, 40 ಆಗುತ್ತದೆ. ಆಮೇಲೆ ಸುತ್ತು ಬಿಟ್ಟು ಸುತ್ತು ಆರು ಸಲ, 64. ಒಟ್ಟು 16 ಸುತ್ತು, ಮೂರೂವರೆ ಸೆಂ.ಮೀ.ಗಿಂತ ಚೂರು ಜಾಸ್ತಿ. ಶುರುವಿನಲ್ಲಿ ಬೇಗ ಅಗಲವಾಗಿ ಆಮೇಲೆ ನಿಧಾನವಾಗುವುದರಿಂದ ಅಂಚು ನೆಟ್ಟಗೆ ಓರೆಯಾಗದೆ ಬಾಗುತ್ತದೆ. ಬೆರಳುಗಳ ಅಂಚೂ ಹಾಗೇ ಬಾಗಿರುವುದು.

ಚೌಕ ಮುಂಭಾಗದ ಪಾದಕ್ಕೆ ಕಡ್ಡಿಗೆ 16ರಂತೆ 32 ಹಾಕಬಹುದು. ನಾಲ್ಕು ಸಲ ಪ್ರತಿ ಸುತ್ತು, ನಾಲ್ಕು ಸಲ ಸುತ್ತು ಬಿಟ್ಟು ಸುತ್ತು. 12 ಸುತ್ತಿಗೇ ಮುಗಿಯಿತು, ಮೂರು ಸೆಂ.ಮೀ.ಯೂ ಇಲ್ಲ. ಇದಕ್ಕಿಂತ ಅಗಲಕ್ಕೆ ಹೋಗಬೇಡಿ. ಎರಡು ಮೂಲೆಯಲ್ಲೂ ಬಟ್ಟೆ ಕಿವಿಯಂತೆ ಎದ್ದು ನಿಂತು, ಶೂ ಹಾಕಿದಾಗ ಮಡಿಸಿಕೊಳ್ಳುತ್ತದೆ. ಆ ಮಡಿಕೆ ಕಿರುಬೆರಳಿನ ಪಕ್ಕಕ್ಕೆ ಬಂದು ಕೂತರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಗೊತ್ತಾಗುತ್ತದೆ.

ಏನೂ ಯೋಚಿಸದೆ ಒಂದನ್ನು ಹೇಳಿ ಅಂದರೆ ನಾನು ಹೇಳುವುದು ನಡುವಿನದ್ದನ್ನೇ: 24ರಿಂದ ಶುರು, ನಾಲ್ಕು ಸುತ್ತು ಬಿಡದೆ ಹೆಚ್ಚಿಸುವುದು, ಆಮೇಲೆ ಸುತ್ತು ಬಿಟ್ಟು ಸುತ್ತು. ಕಾಲುಂಗುರದ ಬೆರಳಿಗೆ 28ರಿಂದ ಶುರು ಮಾಡಿ.

ಎಡ ಬಲ ಬೇರೆ ಮಾಡುವುದು

ಹೆಬ್ಬೆರಳು ಉದ್ದವಿದ್ದು ಕಿರುಬೆರಳಿನ ಕಡೆ ಚೆನ್ನಾಗಿ ಇಳಿಯುವ ಪಾದಕ್ಕೆ ಎರಡು ಬದಿ ಸಮವಾಗಿರುವ ಯಾವ ತುದಿಯೂ ಪೂರ್ತಿ ಒಪ್ಪುವುದಿಲ್ಲ. ಕಿರುಬೆರಳಿನ ಕಡೆ ಜಾಗ ಖಾಲಿ, ಹೆಬ್ಬೆರಳಿನ ಕಡೆ ಬಿಗಿ. ಅಂಥವರು ಒಮ್ಮೆ ಎಡ-ಬಲ ಬೇರೆ ಮಾಡಿ ನೋಡಬೇಕು. ಕೇಳಲು ಕಷ್ಟ ಅನ್ನಿಸುತ್ತದೆ, ಮಾಡಲು ಅಷ್ಟೇನಿಲ್ಲ.

ಶುರು ಅದೇ, 24 ಕುಣಿಕೆ. ಮೊದಲ ನಾಲ್ಕು ಸುತ್ತು ಎರಡೂ ಬದಿಗೆ ಹೆಚ್ಚಿಸಿ, 40. ಆಮೇಲಿನ ನಾಲ್ಕು ಸುತ್ತಿನಲ್ಲಿ ಸುತ್ತು ಬಿಟ್ಟು ಸುತ್ತು ಎರಡು ಸಲ ಹೆಚ್ಚಿಸಿ, 48. ಇಲ್ಲಿಗೆ ಹೆಬ್ಬೆರಳಿನ ಬದಿ ಮುಗಿಯಿತು, ಅದನ್ನು ಇನ್ನು ಮುಟ್ಟಬೇಡಿ. ಕಿರುಬೆರಳಿನ ಬದಿಯಲ್ಲಿ ಮಾತ್ರ ಸುತ್ತು ಬಿಟ್ಟು ಸುತ್ತು ಎಂಟು ಸಲ ಹೆಚ್ಚಿಸಿ. ಸಲಕ್ಕೆ ಎರಡರಂತೆ 16 ಸೇರಿ 64. ಒಟ್ಟು 24 ಸುತ್ತು, ಐದೂವರೆ ಸೆಂ.ಮೀ. ಹೆಬ್ಬೆರಳಿನ ಕಡೆ ಅಂಚು ಬೇಗ ನೆಟ್ಟಗಾಗುತ್ತದೆ, ಇನ್ನೊಂದು ಕಡೆ ಉದ್ದಕ್ಕೂ ಓರೆಯಾಗಿ ಇಳಿಯುತ್ತದೆ. ಹಾಳೆಯ ಮೇಲಿನ ಗೆರೆಯ ಮೇಲೆ ಇಟ್ಟು ನೋಡಿ. ಇಳಿಜಾರು ನಿಮ್ಮದಕ್ಕಿಂತ ಉದ್ದ ಅನ್ನಿಸಿದರೆ ಎಂಟರಲ್ಲಿ ಮೂರ್ನಾಲ್ಕನ್ನು ಪ್ರತಿ ಸುತ್ತಿಗೂ ಮಾಡಿ.

ಇನ್ನೊಂದು ಕಾಲಿಗೆ ಎಲ್ಲವನ್ನೂ ತಿರುಗಿಸಿ ಬರೆದುಕೊಳ್ಳಬೇಕಾ? ಬೇಡ. ಬರೀ ನಿಟ್ ಹೆಣಿಗೆಯ ತುದಿಗೆ ಮೇಲೆ ಯಾವುದು, ಅಡಿ ಯಾವುದು ಎಂಬ ಭೇದ ಇಲ್ಲ. ಎರಡೂ ತುದಿಯನ್ನು ಒಂದೇ ಥರ ಹೆಣೆಯಿರಿ. ಒಂದನ್ನು ಮಗುಚಿದರೆ ಅದೇ ಇನ್ನೊಂದು ಕಾಲಿನದ್ದಾಗುತ್ತದೆ. ಮೇಲ್ಭಾಗದಲ್ಲಿ ಚಿತ್ತಾರ ಶುರುವಾಗುವಾಗ ಅಥವಾ ಹಿಮ್ಮಡಿಗೆ ಬಂದಾಗ ಮಾತ್ರ, ಒಂದರಲ್ಲಿ ಈ ಮುಖವನ್ನು, ಇನ್ನೊಂದರಲ್ಲಿ ಆ ಮುಖವನ್ನು ಅಂಗಾಲು ಎಂದು ತೆಗೆದುಕೊಂಡರೆ ಸಾಕು. ಈ ಉಪಾಯ ಗೊತ್ತಾದ ಮೇಲೆ ನನಗಂತೂ ಸಮ ತುದಿಗೆ ವಾಪಸ್ ಹೋಗುವ ಮನಸ್ಸೇ ಇಲ್ಲ.

ಒಂದು ತೊಂದರೆ ಇದೆ. ಇಂಥ ಸಾಕ್ಸ್ ಯಾವಾಗಲೂ ಅದೇ ಕಾಲಿಗೆ ಹೋಗುತ್ತದೆ. ಸಮ ತುದಿಯದ್ದಾದರೆ ಈ ವಾರ ಎಡ, ಮುಂದಿನ ವಾರ ಬಲ, ಹೆಬ್ಬೆರಳಿನ ಉಜ್ಜಾಟ ಎರಡು ಮೂಲೆಗೂ ಹಂಚಿಹೋಗುತ್ತದೆ. ಇಲ್ಲಿ ಸವೆತವೆಲ್ಲ ಒಂದೇ ಜಾಗಕ್ಕೆ. ನೈಲಾನ್ ಬೆರೆತ ನೂಲು ಆರಿಸಲು ಇದೂ ಒಂದು ಕಾರಣ.

ಅರ್ಧ ಸಾಲಿನ ತುದಿ

ಶಾರ್ಟ್ ರೋ ಎಂಬ ಹೆಸರು ಕೇಳಿರುತ್ತೀರಿ. ಸಾಲನ್ನು ಪೂರ್ತಿ ಹೆಣೆಯದೆ ನಡುವೆಯೇ ತಿರುಗುವುದು. 64ರ ಸಾಕ್ಸ್‌ಗೆ 32 ಕುಣಿಕೆಯನ್ನು ಆಮೇಲೆ ಬಿಚ್ಚಬಹುದಾದ ಬೇರೆ ನೂಲಿನ ಮೇಲೆ ಹಾಕಿ, ಪ್ರತಿ ಸಾಲಿನ ಕೊನೆಗೆ ಒಂದೊಂದು ಕುಣಿಕೆ ಬಿಡುತ್ತಾ, ನಡುವೆ ಹತ್ತು ಉಳಿಯುವ ತನಕ ಹೋಗುವುದು. ಆಮೇಲೆ ಬಿಟ್ಟವನ್ನು ಒಂದೊಂದಾಗಿ ಮತ್ತೆ ಸೇರಿಸಿಕೊಂಡು 32ಕ್ಕೆ ಬರುವುದು. ಬೇರೆ ನೂಲು ಬಿಚ್ಚಿದರೆ ಅಲ್ಲಿಯ 32 ಕುಣಿಕೆ ಸಿಗುತ್ತದೆ, ಸುತ್ತು ಪೂರ್ತಿಯಾಯಿತು.

ಇದರ ಗುಣ ಏನೆಂದರೆ ಬೆರಳಿನ ಮೊನೆಯಲ್ಲಿ ಶುರುವಿನ ಸಾಲೇ ಇಲ್ಲ. ಅಲ್ಲಿ ಬಟ್ಟೆ ಸುಮ್ನೆ ಮಡಿಸಿಕೊಂಡಿರುತ್ತದೆ. ಮೊನೆಯಲ್ಲಿ ಏನು ಸಿಕ್ಕರೂ ಕಿರಿಕಿರಿ ಪಡುವವರಿಗೆ ಇದು ಚೆನ್ನ. ಹಿಮ್ಮಡಿಯನ್ನೂ ಶಾರ್ಟ್ ರೋನಲ್ಲೇ ಮಾಡುವವರಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಬೇರೆ ಬಣ್ಣ ಹಾಕಿದರೆ ಅಂದ.

ನನಗೆ ಇದು ಅಷ್ಟಾಗಿ ಹಿಡಿಸಿಲ್ಲ. ಅರ್ಧದಷ್ಟು ಸಾಲು ಪರ್ಲ್, ಅಂದರೆ ಉಲ್ಟಾ ಹೆಣಿಗೆ, ಮಾಡಬೇಕು. ಪರ್ಲ್ ಸಡಿಲವಾಗುವ ಕೈಯಾದರೆ ತುದಿಯ ಬಟ್ಟೆಯೂ ಸಡಿಲ. ಎರಡು ಬದಿಯ ಓರೆ ಗೆರೆಯಲ್ಲಿ ಸಣ್ಣ ತೂತು ಕಾಣಿಸಿಕೊಳ್ಳುವುದು ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಆಕಾರ ನಿಮ್ಮ ಕೈಯಲ್ಲಿಲ್ಲ. ಎರಡು ಸಾಲಿಗೆ ಬದಿಗೊಂದು ಕುಣಿಕೆ ಎಂಬ ಓರೆ ಮೊದಲೇ ಗೊತ್ತಾಗಿದೆ. ನಡುವೆ ಹತ್ತರ ಬದಲು ಹದಿನಾಲ್ಕು ಉಳಿಸಿ ಮೊನೆಯನ್ನು ಅಗಲ ಮಾಡಬಹುದು, ಅಷ್ಟೇ. ಹಾಗೆ ಮಾಡಿದರೆ ತುದಿಯ ಆಳವೂ ಕಡಿಮೆಯಾಗುತ್ತದೆ.

ಮಾಡುವುದಾದರೆ ತಿರುಗುವ ಜಾಗದಲ್ಲಿ ಜರ್ಮನ್ ವಿಧಾನ ಹಿಡಿಯಿರಿ. ಕುಣಿಕೆಯನ್ನು ಕಡ್ಡಿಯ ಮೇಲೆ ಎಳೆದು ಅದು ಜೋಡಿ ಕಾಲಿನಂತೆ ಕಾಣುವಂತೆ ಮಾಡುವುದು. ಮತ್ತೆ ಬಂದಾಗ ಎರಡೂ ಕಾಲನ್ನು ಸೇರಿಸಿ ಹೆಣೆದರೆ ಮುಗಿಯಿತು. ಹಳೆಯ ಸುತ್ತಿ-ತಿರುಗುವ ವಿಧಾನದಲ್ಲಿ ಸುತ್ತಿದ ನೂಲನ್ನು ಹುಡುಕಿ ಎತ್ತಬೇಕು. ಗಾಢ ಬಣ್ಣದ ನೂಲಿನಲ್ಲಿ ರಾತ್ರಿ ಹೊತ್ತು ಅದು ಕಣ್ಣಿಗೆ ಶಿಕ್ಷೆ.

ಗುಂಡು ತುದಿ, ಹೆಬ್ಬೆರಳು ಬಿಟ್ಟ ತುದಿ

ಗುಂಡು ತುದಿಯಲ್ಲಿ ಎಡ ಬಲ, ಮೇಲೆ ಕೆಳಗೆ ಯಾವುದೂ ಇಲ್ಲ. ಎಂಟು ಕುಣಿಕೆಯನ್ನು ಒಂದು ಚಿಕ್ಕ ಉಂಗುರದಂತೆ ಹಾಕಿ, ಸುತ್ತಿನ ಎಂಟು ಕಡೆ ಸಮವಾಗಿ ಹೆಚ್ಚಿಸುವುದು. ಏಳು ಸಲ ಹೆಚ್ಚಿಸಿದರೆ 64. ಪ್ರತಿ ಸಲವೂ ನಡುವೆ ಒಂದೇ ಸುತ್ತು ಬಿಟ್ಟರೆ ಅದು ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ಹಾಗಾಗಿ ಮೊದಲ ಮೂರು ಸಲ ಒಂದು ಸುತ್ತು, ಆಮೇಲೆ ಎರಡು ಸಲ ಎರಡೆರಡು ಸುತ್ತು, ಕೊನೆಯ ಎರಡು ಸಲ ಮೂರು ಮೂರು ಸುತ್ತು ಬಿಡಿ. ನಾಲ್ಕೂವರೆ ಸೆಂ.ಮೀ. ಆಳ ಬರುತ್ತದೆ.

ಮಕ್ಕಳ ಸಾಕ್ಸ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಹೇಗೆ ತಿರುಗಿಸಿ ಹಾಕಿದರೂ ಬದಿಗೆರೆ ಎಲ್ಲೂ ಒತ್ತುವುದಿಲ್ಲ. ದೊಡ್ಡವರ ಪಾದ ಅಗಲ, ಎತ್ತರ ಕಡಿಮೆ. ಗುಂಡು ತುದಿ ಅದರ ಮೇಲೆ ಚಪ್ಪಟೆಯಾಗಿ ಕೂರಲು ಸ್ವಲ್ಪ ಹೆಣಗುತ್ತದೆ. ಮತ್ತೆ ನಟ್ಟ ನಡುವಿನ ಆ ಚಿಕ್ಕ ಉಂಗುರ, ನೂಲು ಎಳೆದು ಬಿಗಿ ಮಾಡಿದ ಜಾಗ, ಸರಿಯಾಗಿ ಎರಡನೆಯ ಬೆರಳಿನ ಮುಂದೆ ಬರುತ್ತದೆ. ಬಿಗಿ ಶೂ ಹಾಕುವವರಿಗೆ ಬೇಡ.

ಹೆಬ್ಬೆರಳು ಬೇರೆಯಾಗಿರುವ ಸಾಕ್ಸ್ ನಮ್ಮಲ್ಲಿ ಹೊಸತಲ್ಲ. ಹವಾಯಿ ಚಪ್ಪಲಿ, ಉಂಗುಷ್ಠದ ಚಪ್ಪಲಿ ಹಾಕುವವರು ಅಂಗಡಿಯಲ್ಲಿ ಅಂಥದ್ದೇ ಕೇಳಿ ತೆಗೆದುಕೊಳ್ಳುತ್ತಾರೆ. ಇದನ್ನೂ ಬೆರಳಿನಿಂದಲೇ ಹೆಣೆಯಬಹುದು. ಹೆಬ್ಬೆರಳಿಗೆ 24 ಕುಣಿಕೆಯ ಒಂದು ಕೊಳವೆ, ಉಳಿದ ನಾಲ್ಕು ಬೆರಳಿಗೆ 48ರ ಒಂದು ಚೀಲ. ಎರಡೂ ಬೆರಳಿನ ಸಂದಿಯ ತನಕ ಬಂದಾಗ ಒಂದರ ನಾಲ್ಕು ಕುಣಿಕೆಯನ್ನು ಇನ್ನೊಂದರ ನಾಲ್ಕಕ್ಕೆ ಜೋಡಿಸಿ. 72ರಲ್ಲಿ ಎಂಟು ಹೋಗಿ 64 ಉಳಿಯಿತು. ಆ ನಾಲ್ಕು ಜೋಡಣೆಗೆ ಕಿಚನರ್ ಸ್ಟಿಚ್ಚೇ ಬೇಕು. ಮೂರು ಕಡ್ಡಿ ಹಿಡಿದು ಮುಚ್ಚಿದರೆ ಏಣು ಬರುತ್ತದೆ. ಬೆರಳ ಸಂದಿಯಲ್ಲಿ ಏಣು ಬಂದರೆ, ಅದೇ ಜಾಗದಲ್ಲಿ ಚಪ್ಪಲಿಯ ಕಟ್ಟೂ ಒತ್ತುತ್ತದೆ, ಕೇಳಬೇಕಾ. ಕೆಲಸ ಜಾಸ್ತಿ. ಆದರೆ ಚಪ್ಪಲಿ ಬಿಡದವರಿಗೆ ಉಳಿದ ಯಾವ ತುದಿಯೂ ಉಪಯೋಗವಿಲ್ಲವಲ್ಲ.

ಈಗ ಕ್ಯಾಸ್ಟ್ ಆನ್

ಟರ್ಕಿಯಲ್ಲಿ ಕಾಲುಚೀಲವನ್ನು ಬೆರಳಿನಿಂದ ಶುರು ಮಾಡುವುದು ಹಳೆಯ ಪದ್ಧತಿ. ಟರ್ಕಿಶ್ ಕ್ಯಾಸ್ಟ್ ಆನ್‌ಗೆ ಆ ಹೆಸರು ಅದಕ್ಕೇ. ಎರಡು ಕಡ್ಡಿಯನ್ನು ಜೋಡಿಸಿ ಹಿಡಿದು ನೂಲನ್ನು ಎರಡರ ಸುತ್ತಲೂ ಸುತ್ತುವುದು. ಹನ್ನೆರಡು ಸುತ್ತು ಸುತ್ತಿದರೆ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು. ಕಲಿಯಲು ಎರಡು ನಿಮಿಷ. ತೀರಾ ಚಪ್ಪಟೆ, ಒಳಗೆ ಬೆರಳಾಡಿಸಿದರೂ ಶುರು ಎಲ್ಲಿ ಎಂದು ಸಿಗುವುದಿಲ್ಲ. ಕಷ್ಟ ಇರುವುದು ಮೊದಲ ಸುತ್ತಿನಲ್ಲಿ ಮಾತ್ರ. ಒಂದು ಕಡ್ಡಿಯನ್ನು ಎಳೆದು ಹೆಣೆಯುವಾಗ ಕುಣಿಕೆಗಳು ಅಳ್ಳಕವಾಗುತ್ತವೆ. ನೂಲಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿರಬೇಕು.

ಎಂಟರ ಆಕಾರದಲ್ಲಿ ನೂಲು ಹೆಣೆಯುವ ವಿಧಾನವೂ ಇದರ ನೆಂಟನೇ. ಆದರೆ ನಡುವಿನ ಎಳೆಗಳು ಸಡಿಲ ಉಳಿಯುತ್ತವೆ. ಆಮೇಲೆ ಕಡ್ಡಿಯ ಮೊನೆಯಿಂದ ಒಂದೊಂದೇ ಕುಣಿಕೆ ಎಳೆದು ಬಿಗಿ ಮಾಡುತ್ತಾ ಹೋಗಬೇಕು. ಎಂಟು ಕುಣಿಕೆಗೆ ಆದೀತು, ಹದಿನಾರಕ್ಕೆ ಬೇಸರ. ಟರ್ಕಿಶ್ ಗೊತ್ತಿರುವವರಿಗೆ ಇದನ್ನು ಕಲಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಮೂರನೆಯದು ಜೂಡಿಯ ಮ್ಯಾಜಿಕ್ ಕ್ಯಾಸ್ಟ್ ಆನ್. ಜೂಡಿ ಬೆಕರ್ ಎಂಬವರು ಇದನ್ನು 2006ರಲ್ಲಿ ನಿಟ್ಟಿ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಈಗ ಬೆರಳಿನಿಂದ ಹೆಣೆಯುವವರಲ್ಲಿ ತುಂಬಾ ಜನ ಇದನ್ನೇ ಹಿಡಿದಿದ್ದಾರೆ. ಎರಡು ಕಡ್ಡಿಗೆ ನೂಲನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಕುತ್ತಾ ಹೋಗುವುದು. ಕುಣಿಕೆಗಳು ಶುರುವಿನಿಂದಲೇ ಸಮವಾಗಿ, ಬಿಗಿಯಾಗಿ ಕೂರುತ್ತವೆ. ಹಾಕಿದ ಕೂಡಲೇ ಎರಡನೆಯ ಕಡ್ಡಿಯ ಕುಣಿಕೆ ತಿರುಚಿದಂತೆ ಕಂಡರೆ ಮೊದಲ ಸುತ್ತಿನಲ್ಲಿ ಕುಣಿಕೆಯ ಹಿಂದಿನ ಎಳೆಯಿಂದ ಹೆಣೆದರೆ ಸರಿಹೋಗುತ್ತದೆ. ಒಳಬದಿಗೆ ಸಣ್ಣ ಉಬ್ಬುಗಳ ಒಂದು ಸಾಲು ಬರುತ್ತದೆ. ಒಳಗೆ ಎಲ್ಲ ಕಡೆಯೂ ಪರ್ಲ್‌ನ ಉಬ್ಬೇ ಇರುವುದರಿಂದ ಅದು ಅದರಲ್ಲೇ ಸೇರಿಹೋಗುತ್ತದೆ.

ಟರ್ಕಿಶ್ಶಾ, ಜೂಡಿಯದ್ದಾ? ಹಾಕಿಕೊಂಡ ಕಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಣೆಯುವ ಕೈಗೆ ಗೊತ್ತಾಗುತ್ತದೆ. ನಿಮ್ಮ ಹೆಣಿಗೆ ಸಡಿಲವಾದರೆ ಜೂಡಿಯದ್ದು. ಬಿಗಿ ಕೈಯಾದರೆ ಟರ್ಕಿಶ್, ಯಾಕೆಂದರೆ ಜೂಡಿಯದ್ದನ್ನು ತೀರಾ ಬಿಗಿಯಾಗಿ ಎಳೆದರೆ ಆ ಒಂದು ಸಾಲು ಹಗ್ಗದಂತೆ ಗಟ್ಟಿಯಾಗುತ್ತದೆ. ಕಾಲಿಗೆ ಚುಚ್ಚುವುದು ಅದೇ.

ಎರಡೂ ಬೇಡ ಅನ್ನುವವರು ಸಾಮಾನ್ಯ ಕ್ಯಾಸ್ಟ್ ಆನ್‌ನಲ್ಲಿ ನಾಲ್ಕಾರು ಸಾಲಿನ ಚಿಕ್ಕ ಪಟ್ಟಿ ಹೆಣೆದು ಅದರ ನಾಲ್ಕೂ ಬದಿಯಿಂದ ಕುಣಿಕೆ ಎತ್ತಿಕೊಳ್ಳುತ್ತಾರೆ. ಒಂದು ಬದಿಯಲ್ಲಿ ಏಣು ಉಳಿದೇ ಉಳಿಯುತ್ತದೆ. ಮಲಗುವಾಗ ಹಾಕುವ ದಪ್ಪ ಸಾಕ್ಸ್‌ಗೆ ಪರವಾಗಿಲ್ಲ.

ಕಡ್ಡಿಯ ವಿಷಯದಲ್ಲಿ ಒಂದೇ ಮಾತು. ನಾಲ್ಕೈದು ಚಿಕ್ಕ ಕಡ್ಡಿಗಳ ಸೆಟ್‌ನಲ್ಲಿ ಶುರುವಿನ ಕೆಲವು ಕುಣಿಕೆ ಜಾರಿ ಬೀಳುತ್ತಲೇ ಇರುತ್ತವೆ. 80 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ ವೈರ್ ಕಡ್ಡಿ ಒಂದಿದ್ದರೆ, ವೈರನ್ನು ನಡುವೆ ಎಳೆದು ಮ್ಯಾಜಿಕ್ ಲೂಪ್ ಮಾಡಿಕೊಂಡರೆ ಎಲ್ಲ ಸಲೀಸು. ನಮ್ಮ ದೇಶದಲ್ಲೇ ತಯಾರಾಗುವ ನಿಟ್‌ಪ್ರೊ ಕಡ್ಡಿಗಳು ಆನ್‌ಲೈನ್‌ನಲ್ಲಿ ಈ ಅಳತೆಯಲ್ಲಿ ಸಿಗುತ್ತವೆ.

ಹೆಚ್ಚಿಸುವುದು ಹೇಗೆ

ಎರಡು ಕುಣಿಕೆಯ ನಡುವಿನ ಎಳೆಯನ್ನು ಎತ್ತಿ, ತಿರುಚಿ ಹೆಣೆಯುವುದು ಅಂದವಾಗಿ ಕಾಣುತ್ತದೆ. ಎಡಕ್ಕೆ ಒಂದು, ಬಲಕ್ಕೆ ಒಂದು ವಾಲಿಸಿದರೆ ಬದಿಗೆರೆ ನೆಟ್ಟಗಿರುತ್ತದೆ. ಆದರೆ ಪ್ರತಿ ಸುತ್ತಿಗೂ ಹೀಗೆ ಎತ್ತಿದರೆ ಎಳೆಯೇ ಸಾಲದೆ ಬಟ್ಟೆ ಜಗ್ಗುತ್ತದೆ. ಮೊದಲ ನಾಲ್ಕು ಸುತ್ತಿನಲ್ಲಿ ಒಂದೇ ಕುಣಿಕೆಯ ಮುಂದಿನಿಂದಲೂ ಹಿಂದಿನಿಂದಲೂ ಹೆಣೆದು ಎರಡು ಮಾಡಿಕೊಳ್ಳಿ. ಹೊರಗೆ ಚಿಕ್ಕ ಅಡ್ಡಗೆರೆ ಕಾಣುತ್ತದೆ, ಕಾಣಲಿ ಬಿಡಿ. ಅಲ್ಲಿ ಬಟ್ಟೆ ಜಗ್ಗದಿರುವುದು ಮುಖ್ಯ. ಸುತ್ತು ಬಿಟ್ಟು ಸುತ್ತು ಶುರುವಾದ ಮೇಲೆ ಎಳೆ ಎತ್ತುವ ವಿಧಾನಕ್ಕೆ ಹೋಗಿ.

ಬದಿಯಲ್ಲಿ ಹೆಚ್ಚಿಸುವ ಎರಡು ಜಾಗಗಳ ನಡುವೆ ಎರಡು ಕುಣಿಕೆ ಇದ್ದರೆ ಸಾಕು. ನಾಲ್ಕು ಬಿಟ್ಟರೆ ಪಟ್ಟಿಯಂತೆ ಎದ್ದು ಕಾಣುತ್ತದೆ, ನೋಡಲು ಚೆಂದ.

ನೂಲು ಮುಕ್ಕಾಲು ಭಾಗ ಉಣ್ಣೆ, ಕಾಲು ಭಾಗ ನೈಲಾನ್ ಇರುವುದು ಸಾಕ್ಸ್‌ಗೆ ಪಳಗಿದ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ, ಟೈಲ್ಸ್ ನೆಲದ ಮೇಲೆ ಜಾರುತ್ತದೆ, ವಯಸ್ಸಾದವರಿಗೆ ಕೊಡುವಾಗ ಎಚ್ಚರ. ಹತ್ತಿಯ ನೂಲು ಬೆಂಗಳೂರಿನ ಹವೆಗೆ ಹಿತ. ಹಿಗ್ಗುವುದಿಲ್ಲವಾದ್ದರಿಂದ ಹತ್ತನೇ ಒಂದು ಭಾಗ ಕಡಿಮೆ ಮಾಡುವ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಪಾದದ ಅಳತೆಗೆ ಹತ್ತಿರವೇ ಇಟ್ಟುಕೊಂಡು, ತುದಿಯನ್ನು ಇನ್ನೂ ಸ್ವಲ್ಪ ಅಗಲದಿಂದ ಶುರು ಮಾಡಿ.

ಹಾಕಿ ನೋಡುವುದು

ತುದಿ ಮುಗಿದು ಎರಡು ಮೂರು ಸೆಂ.ಮೀ. ಹೆಣೆದ ಮೇಲೆ ಕಾಲಿಗೆ ಹಾಕಿ ಎದ್ದು ನಿಲ್ಲಿ. ಹೆಬ್ಬೆರಳಿನ ಉಗುರಿನ ಮೇಲೆ ಕುಣಿಕೆಗಳು ಬಾಯಿ ಬಿಟ್ಟಿದ್ದರೆ ಮೊನೆ ಕಿರಿದು. ಮೂಲೆಯಲ್ಲಿ ಚಿಟಿಕೆಗೆ ಬಟ್ಟೆ ಸಿಕ್ಕರೆ ಅಗಲ ಜಾಸ್ತಿ. ಬೆರಳು ಮಡಿಸಿ ಬಿಡಿಸಿದಾಗ ತುದಿ ತಿರುಗಿ ತನ್ನ ಜಾಗಕ್ಕೆ ಬರಬೇಕು. ಈಗ ಬಿಚ್ಚಿದರೆ ಹೋಗುವುದು ಒಂದು ಸಂಜೆ. ಪಾದದ ಪೂರ್ತಿ ಉದ್ದವನ್ನು ನಿಮ್ಮ ಪಾದಕ್ಕಿಂತ ಒಂದು ಸೆಂ.ಮೀ. ಕಡಿಮೆ ಇಡಿ, ಇಲ್ಲದಿದ್ದರೆ ನಡೆಯುತ್ತಾ ತುದಿ ಮುಂದೆ ಸರಿದು ಬೆರಳಿನ ಅಡಿಗೆ ಬರುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಹೆಣೆಯುವುದಾದರೆ "ಹೇಗಿದೆ?" ಎಂದು ಕೇಳಿ ಸುಮ್ಮನಾಗಬೇಡಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಒತ್ತುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಹಾಕಿಸಿ, ತೆಗೆದು, ಬೆರಳಿನ ಮೇಲೆ ಪಕ್ಕದಲ್ಲಿ ಕೆಂಪು ಗುರುತು ಇದೆಯಾ ನೋಡಿ. ಅವರ ಸಾಕ್ಸ್‌ನಲ್ಲಿ ತುದಿಯ ಹತ್ತಿರ ಗಂಟು ಇರಲೇಬಾರದು. ಶುರುವಿನ ನೂಲಿನ ಬಾಲವನ್ನು ಉದ್ದ ಬಿಟ್ಟು, ಮೊನೆಯಿಂದ ದೂರಕ್ಕೆ, ಪಾದದ ಮೇಲ್ಭಾಗದ ಕಡೆಗೆ ಒಯ್ದು ಸೇರಿಸಿ.

ದೂರದಲ್ಲಿರುವವರಿಗೆ ಕಳಿಸುವ ಸಾಕ್ಸ್ ಆದರೆ ಹಾಳೆಯ ಮೇಲೆ ಪಾದ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಫೋಟೊ ಕಳಿಸಲು ಹೇಳಿ. ಗುಟ್ಟಾಗಿ ಕೊಡಬೇಕೆಂದಿದ್ದರೆ 24ರ ನಡುವಿನ ತುದಿಯೇ ಕ್ಷೇಮ. ಎಡ-ಬಲ ಬೇರೆ ಮಾಡಲು ಹೋಗಬೇಡಿ.

ತೂತು ಬಿದ್ದ ಮೇಲಿನ ಮಾತು ಒಂದಿದೆ. ಮೇಲಿನಿಂದ ಹೆಣೆದ ಸಾಕ್ಸ್‌ನ ತುದಿಯನ್ನು ಬಿಚ್ಚಿ ಮತ್ತೆ ಹೆಣೆಯಬಹುದು. ಬೆರಳಿನಿಂದ ಹೆಣೆದದ್ದು ಆ ಕಡೆಯಿಂದ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ತೂತಿಗಿಂತ ಮೇಲೆ, ಚೆನ್ನಾಗಿರುವ ಒಂದು ಸುತ್ತಿನಲ್ಲಿ 64 ಕುಣಿಕೆಯನ್ನೂ ಕಡ್ಡಿಗೆ ಎತ್ತಿಕೊಳ್ಳಿ. ಅದರ ಕೆಳಗೆ ಕತ್ತರಿ ಹಾಕಿ ಹಳೆಯ ತುದಿಯನ್ನು ತೆಗೆದುಬಿಡಿ. ಅಲ್ಲಿಂದ ಕೆಳಮುಖವಾಗಿ, ಹೆಚ್ಚಿಸಿದ ಲೆಕ್ಕವನ್ನೇ ಹಿಂದುಮುಂದು ಮಾಡಿ ಕಡಿಮೆ ಮಾಡುತ್ತಾ 24ಕ್ಕೆ ಬನ್ನಿ. ಕೊನೆಗೆ ಕಿಚನರ್ ಸ್ಟಿಚ್ ಹಾಕಲೇಬೇಕು, ಇಷ್ಟು ದಿನ ತಪ್ಪಿಸಿಕೊಂಡಿದ್ದರೂ.